ಮುಖ ಕೆಳಗೆ, ಬೆನ್ನು ಮೇಲೆ

ಮೆಲ್ಬರ್ನ್‌ನಲ್ಲಿರುವ ಗೆಳೆಯರೊಬ್ಬರು ಈಚೆಗೆ ಒಂದು ಫೋಟೊ ಕಳಿಸಿದ್ದರು. ಅವರು ಕೊಂಡಿರುವುದು 1930ರ ದಶಕದಲ್ಲಿ ಕಟ್ಟಿದ ಮನೆ. ಫ್ಯಾನಿಗೆ ವೈರು ಎಳೆಯಲು ಎಲೆಕ್ಟ್ರಿಷಿಯನ್ ಹೆಂಚಿನ ಕೆಳಗಿನ ಅಟ್ಟಕ್ಕೆ ಹತ್ತಿದಾಗ ಇವರೂ ಹಿಂದೆಯೇ ಏಣಿ ಹತ್ತಿ, ಟಾರ್ಚಿನ ಬೆಳಕಿನಲ್ಲಿ ಸೀಲಿಂಗಿನ ಬೆನ್ನಿನ ಚಿತ್ರ ತೆಗೆದಿದ್ದಾರೆ. ಕೆಳಗೆ ಹಾಲ್‌ನಲ್ಲಿ ನಿಂತು ನೋಡಿದರೆ ಮೊಸರಿನ ಕೆನೆಯಷ್ಟು ನುಣುಪಾದ ಬಿಳಿ ಸೀಲಿಂಗು. ಮೇಲಿನಿಂದ ನೋಡಿದರೆ ಅದೇ ಸೀಲಿಂಗು ಬರೀ ಉಬ್ಬುತಗ್ಗು. ಗಾರೆಯಿಂದ ಇಣುಕುವ ತಿಳಿ ಹಳದಿ ಎಳೆಗಳು, ಅಲ್ಲಲ್ಲಿ ನಾಲ್ಕು ಬೆರಳು ಎಳೆದ ಗೆರೆ. ‘ಇದೇನ್ರೀ, ಕುದುರೆ ಬಾಲವೇ?’ ಎಂದು ಕೇಳಿದ್ದರು.

ಬಾಲವಲ್ಲ, ಕತ್ತಾಳೆ ನಾರು. ನಮ್ಮ ಹೊಲದ ಬದುಗಳಲ್ಲಿ ಬೇಲಿಗೆ ನಿಲ್ಲಿಸುತ್ತಿದ್ದ, ಕೊಳೆಹಾಕಿ ಬಡಿದು ಹಗ್ಗ ಹೊಸೆಯುತ್ತಿದ್ದ ಕತ್ತಾಳೆಯ ಹತ್ತಿರದ ನೆಂಟ, ಸೈಸಲ್. ಮೆಕ್ಸಿಕೊದ ಯುಕಾಟಾನ್ ಕರಾವಳಿಯ ಒಂದು ಬಂದರಿನ ಹೆಸರು ಈ ನಾರಿಗೆ ಅಂಟಿಕೊಂಡಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆಸ್ಟ್ರೇಲಿಯಾದ ಮನೆಗಳ ಸೀಲಿಂಗೆಂದರೆ ಬಹುಪಾಲು ಇದೇ: ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನೊಳಗೆ ಈ ನಾರನ್ನು ಹುದುಗಿಸಿ, ಕಾರ್ಖಾನೆಯ ಬೆಂಚಿನ ಮೇಲೆ ಕೈಯಿಂದ ಎರಕ ಹೊಯ್ದ ಶೀಟು. ಪಕ್ಕದ ನ್ಯೂಜಿಲೆಂಡಿನಲ್ಲಿ ಅಲ್ಲಿನದೇ ಗಿಡವೊಂದರ ನಾರನ್ನು ಬಳಸಿದರು. ಮಾವೊರಿ ಜನ ಆ ಗಿಡವನ್ನು ‘ಹರಕೆಕೆ’ ಎನ್ನುತ್ತಾರೆ. ನಮ್ಮ ಹರಕೆಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಒಮ್ಮೆ ಕೇಳಿದ ಕನ್ನಡದ ಕಿವಿ ಅದನ್ನು ಮರೆಯುವುದಿಲ್ಲ.

ಗಾರೆಗೆ ನಾರು ಯಾಕೆ ಬೇಕು ಎಂಬುದನ್ನು ಮಣ್ಣಿನ ಗೋಡೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಲಸಿದ ಮಣ್ಣಿಗೆ ಹುಲ್ಲೋ ಭತ್ತದ ಹೊಟ್ಟೋ ಸೇರಿಸಿಯೇ ತುಳಿಯುತ್ತಿದ್ದರು. ಒಣಗಿದ ಜಿಪ್ಸಂ ಗಾರೆ ಮೇಲಿಂದ ಒತ್ತಿದರೆ ಚೆನ್ನಾಗಿ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಸೀಲಿಂಗಿಗೆ ಅಡ್ಡಲಾಗಿ ತೂಗುಬಿಟ್ಟ ಶೀಟು ತನ್ನ ಭಾರಕ್ಕೆ ತಾನೇ ಕೊಂಚ ಜೋಲುತ್ತದೆ. ಜೋತಾಗ ಅದರ ಕೆಳಮೈ ಹಿಗ್ಗಬೇಕು. ಬರೀ ಗಾರೆಯಾದರೆ ಅಲ್ಲೊಂದು ಬಿರುಕು ಹುಟ್ಟಿ, ಹಪ್ಪಳ ಮುರಿದಂತೆ ಒಂದೇ ಏಟಿಗೆ ಎರಡು ತುಂಡು. ನಾರಿದ್ದರೆ ಬಿರುಕಿನ ಎರಡೂ ದಡವನ್ನು ನೂರಾರು ಎಳೆಗಳು ಹಿಡಿದುಕೊಳ್ಳುತ್ತವೆ. ಬಿರುಕು ಬಿಡುವುದನ್ನು ನಾರು ಪೂರ್ತಿ ತಡೆಯುವುದಿಲ್ಲ, ಬಿರುಕು ಬಿಟ್ಟದ್ದು ತಲೆಯ ಮೇಲೆ ಬೀಳದಂತೆ ತಡೆಯುತ್ತದೆ. ಮನೆಯೊಳಗೆ ಮಲಗಿದವರಿಗೆ ಈ ಎರಡನೆಯದೇ ಮುಖ್ಯ.

ಇಂಥ ಶೀಟು ಹೊಯ್ಯುವುದನ್ನು ನೋಡಲು ನಾನು ಮೆಲ್ಬರ್ನ್‌ಗೆ ಹೋಗಬೇಕಾಗಲಿಲ್ಲ. ತುಮಕೂರು ರಸ್ತೆಯ ಕಡೆ ಪಿಒಪಿ ಕೆಲಸದ ಒಂದು ಶೆಡ್ಡಿದೆ. ತಗಡಿನ ಸೂರು, ಮಂಡಿಯೆತ್ತರದ ಆರು ಮೇಜು, ಮೇಜಿನ ಮೇಲೆ ದಪ್ಪ ಗಾಜು. ಮೂಲೆಯಲ್ಲಿ ರಾಜಸ್ಥಾನದಿಂದ ಬಂದ ಪುಡಿಯ ಚೀಲಗಳು. ದೇಶದ ಜಿಪ್ಸಂ ಹೆಚ್ಚಾಗಿ ಅಗೆಯುವುದು ಅಲ್ಲಿನ ಮರಳುನಾಡಿನಲ್ಲೇ. ಇಲ್ಲಿ ಕತ್ತಾಳೆಯ ಬದಲು ತೆಂಗಿನ ನಾರು. ಕೆಲಸದ ಕ್ರಮ ಮಾತ್ರ ನೂರು ವರ್ಷದ ಹಿಂದಿನ ಆಸ್ಟ್ರೇಲಿಯಾದ ಬೆಂಚಿನದೇ.

ಮೇಸ್ತ್ರಿಗೆ ಐವತ್ತು ದಾಟಿರಬಹುದು. ಮೊದಲು ಗಾಜಿಗೆ ಎಣ್ಣೆ ಬಟ್ಟೆ ಎಳೆದರು. ದೋಸೆ ಕಾವಲಿಗೆ ಈರುಳ್ಳಿ ಉಜ್ಜುವಷ್ಟೇ ಹಗುರವಾಗಿ. ಎಣ್ಣೆ ಕಡಿಮೆಯಾದರೆ ಶೀಟು ಗಾಜನ್ನು ಬಿಡುವುದಿಲ್ಲ, ಹೆಚ್ಚಾದರೆ ಮುಖದ ಮೇಲೆ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. ಆಸ್ಟ್ರೇಲಿಯಾ, ಇಂಗ್ಲೆಂಡಿನವರು ಇದಕ್ಕೆ ಪ್ರಾಣಿಯ ಕೊಬ್ಬನ್ನು ಕರಗಿಸಿ ಸೀಮೆಎಣ್ಣೆ ಬೆರೆಸಿ ಬಳಸುತ್ತಿದ್ದರು. ಆಮೇಲೆ ಅಂಚಿಗೆ ನಾಲ್ಕು ಪಟ್ಟಿ. ಪಟ್ಟಿಯ ಎತ್ತರವೇ ಶೀಟಿನ ದಪ್ಪ, ಹೆಚ್ಚು ಕಡಿಮೆ 10 ಮಿಲಿಮೀಟರ್.

ಹುಡುಗನೊಬ್ಬ ಬಕೆಟ್ಟಿನ ನೀರಿಗೆ ಪುಡಿ ಉದುರಿಸತೊಡಗಿದ. ಪುಡಿಗೆ ನೀರು ಹೊಯ್ದರೆ ಕೆಟ್ಟಿತು. ಉಪ್ಪಿಟ್ಟಿನ ಎಸರಿಗೆ ರವೆ ಬಿಡುವ ಹಾಗೆ ನೀರಿಗೇ ಪುಡಿ ಬೀಳಬೇಕು, ನೀರಿನ ಮೇಲೆ ಸಣ್ಣ ಸಣ್ಣ ನಡುಗಡ್ಡೆಗಳು ಏಳುವವರೆಗೆ. ಆಮೇಲೆ ಅರೆನಿಮಿಷ ಮುಟ್ಟದೆ ಬಿಡಬೇಕು. ಬಕೆಟ್ಟಿನ ಒಳಗಂಚಿನಲ್ಲಿ ಹಿಂದಿನ ಸಲದ ಗಾರೆ ಒಂದಿಷ್ಟು ಅಂಟಿಕೊಂಡಿದ್ದನ್ನು ಕಂಡ ಮೇಸ್ತ್ರಿ ಅಲ್ಲಿಂದಲೇ ಗದರಿದರು: ‘ಲೋ, ತೊಳ್ದಿಲ್ವೇನೋ? ಈಗ್ಲೇ ಹಿಡ್ಕೊಂಡ್ಬಿಡ್ತದೆ!’

ಆ ಗದರಿಕೆಯ ಹಿಂದೆ ರಸಾಯನಶಾಸ್ತ್ರವಿದೆ. ಜಿಪ್ಸಂ ಎಂಬ ಕಲ್ಲಿನ ತೂಕದಲ್ಲಿ ಐದನೇ ಒಂದು ಪಾಲಿಗಿಂತ ಕೊಂಚ ಹೆಚ್ಚು ನೀರೇ ಇದೆ. ಹರಳಿನೊಳಗೆ ಕಟ್ಟಿಹಾಕಿದ ನೀರು ಅದು. ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿದರೆ ಅದರ ಮುಕ್ಕಾಲು ಭಾಗ ಹಾರಿಹೋಗಿ ಉಳಿಯುವ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಪ್ಯಾರಿಸ್ಸಿನ ಮಾಂಟ್‌ಮಾರ್ಟ್ರ್ ಗುಡ್ಡದ ಗಣಿಗಳಿಂದ ಬಂದ ಹೆಸರು ಅದು. ಪುಡಿಗೆ ಮತ್ತೆ ನೀರು ಸಿಕ್ಕಿತೋ, ಕಳೆದುಕೊಂಡಷ್ಟನ್ನೂ ಮರಳಿ ಪಡೆದು ಸೂಜಿಯಂಥ ಹರಳುಗಳಾಗಿ ಬೆಳೆಯುತ್ತದೆ. ಸೂಜಿಗಳು ಒಂದರೊಳಗೊಂದು ಹೆಣೆದುಕೊಂಡದ್ದೇ ಗಟ್ಟಿಯಾಗುವುದು. ಇದನ್ನು 1765ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ವಿವರಿಸಿದವನು ಲವಾಸಿಯೆ, ಆಗಿನ್ನೂ ಇಪ್ಪತ್ತೊಂದರ ಹುಡುಗ. ಆಧುನಿಕ ರಸಾಯನಶಾಸ್ತ್ರದ ಪಿತಾಮಹ ಎನಿಸಿಕೊಂಡವನ ಮೊದಲ ಪ್ರಬಂಧ ಗಾರೆಯ ಮೇಲೆ!

ಈಗ ಬಕೆಟ್ಟಿನ ಅಂಚಿಗೆ ಬನ್ನಿ. ಅಲ್ಲಿ ಅಂಟಿದ್ದ ಹಳೆಯ ಗಾರೆಯಲ್ಲಿ ಆಗಲೇ ಬೆಳೆದ ಹರಳುಗಳಿವೆ. ಹೊಸ ಗಾರೆಗೆ ಅವೇ ಬೀಜ. ಹಾಲಿಗೆ ಹೆಪ್ಪು ಬಿದ್ದಂತೆ! ಇಪ್ಪತ್ತು ನಿಮಿಷ ಸಿಗಬೇಕಿದ್ದಲ್ಲಿ ಏಳೆಂಟು ನಿಮಿಷಕ್ಕೇ ಹಿಡಿದುಕೊಳ್ಳಬಹುದು. ಚಿಟಿಕೆ ಉಪ್ಪು ಬಿದ್ದರೂ ಬೇಗ ಹಿಡಿಯುತ್ತದೆ. ತಡವಾಗಬೇಕೆಂದರೆ ನಿಂಬೆಯ ಆಮ್ಲವೋ ಮೂಳೆ-ಚರ್ಮ ಕುದಿಸಿ ತೆಗೆದ ಗೋಂದಿನ ನೀರೋ ಬೇಕು. ಇಂಗ್ಲೆಂಡಿನ ಹಳೆಯ ಕಾರ್ಖಾನೆಗಳಲ್ಲಿ ಎರಡು ಬಕೆಟ್ ಕಲಸುವ ಪದ್ಧತಿಯಿತ್ತು. ಮುಖದ ಪದರಕ್ಕೊಂದು, ಬೆನ್ನಿನ ಪದರಕ್ಕೆ ಗೋಂದು ಬೆರೆಸಿದ ಇನ್ನೊಂದು. ಮುಖ ಹಿಡಿಯುವ ಹೊತ್ತಿಗೂ ಬೆನ್ನಿನ ಗಾರೆ ಹಸಿಯಾಗಿದ್ದು, ನಾರು ಹಾಸುವ ಕೈಗೆ ಪುರುಸೊತ್ತು ಸಿಗಲಿ ಎಂದು. ಹಿಡಿಯತೊಡಗಿದ ಗಾರೆಯನ್ನು ನೀರು ಹಾಕಿ ಮತ್ತೆ ಕದಡಿದರೋ, ಹೆಣೆಯುತ್ತಿದ್ದ ಸೂಜಿಗಳೆಲ್ಲ ಮುರಿದು ಮತ್ತೆಂದೂ ಗಟ್ಟಿಯಾಗದು. ಶೆಡ್ಡಿನಲ್ಲಿ ಅದಕ್ಕೆ ‘ಸತ್ತೋಯ್ತು’ ಎನ್ನುತ್ತಾರೆ.

ಹುಡುಗ ಬಕೆಟ್ ತೊಳೆದು ಹೊಸದಾಗಿ ಕಲಸಿ ತಂದ. ಮೊದಲ ಪದರವನ್ನು ಮೇಸ್ತ್ರಿ ಬ್ರಷ್ಷಿನಿಂದ ಗಾಜಿನ ಮೇಲೆ ತೆಳ್ಳಗೆ ಹರಡಿದರು. ಗಾಳಿಗುಳ್ಳೆ ಒಡೆಯಲೆಂದು ಗಾಜನ್ನು ಅಡಿಯಿಂದ ಎರಡು ಸಲ ತಟ್ಟಿದರು. ಆಮೇಲೆ ನಾರು. ನಾನು ಇದನ್ನು ಬರೀ ಎಸೆಯುವ ಕೆಲಸ ಎಂದುಕೊಂಡಿದ್ದೆ. ಅಲ್ಲ. ತೊಳೆದು ಒಣಗಿಸಿದ ನಾರಿನ ಉಂಡೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಬೆರಳುಗಳಿಂದ ಎಳೆಯುತ್ತ, ಜೇಡರ ಬಲೆಯಷ್ಟು ತೆಳುವಾಗಿ ಬಿಡಿಸಿ ಬಿಡಿಸಿ ಹಾಸಬೇಕು. ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಓರೆಗೂ ಬೀಳಬೇಕು. ಎಲ್ಲೂ ಗಂಟು ಬೀಳಬಾರದು, ಗಂಟಿದ್ದಲ್ಲಿ ಗಾರೆ ಇಳಿಯುವುದಿಲ್ಲ, ಒಳಗೆ ಟೊಳ್ಳು. ತೊಳೆಯದ ತೆಂಗಿನ ನಾರಾದರೆ ಕಂದು ಬಣ್ಣ ಬಿಟ್ಟು, ವಾರ ಕಳೆದ ಮೇಲೆ ಬಿಳಿ ಮುಖದ ಮೇಲೆ ಚಹದ ಕಲೆಯಂತೆ ಎದ್ದು ಬರುತ್ತದೆ. ಅಂಚುಗಳಿಗೆ ಒಂದು ಹಿಡಿ ಹೆಚ್ಚು ನಾರು, ಶೀಟು ಪೆಟ್ಟು ತಿನ್ನುವುದು ಅಂಚಿನಲ್ಲೇ ಅಲ್ಲವೇ? ಹಾಸಿದ ನಾರನ್ನು ಅಂಗೈಯಿಂದ ಒತ್ತಿ ಗಾರೆಯೊಳಗೆ ಮುಳುಗಿಸಿದರು. ಆಸ್ಟ್ರೇಲಿಯಾದ ಉದ್ದನೆಯ ಬೆಂಚುಗಳಲ್ಲಿ ಇದಕ್ಕೆ ಉರುಳೆ ಇತ್ತು. ನಾರನ್ನು ಎಳೆದು ಬಿಡಿಸುವುದಷ್ಟಕ್ಕೇ ಅಲ್ಲಿ ಬೇರೆ ಆಳಿರುತ್ತಿದ್ದ.

ಮತ್ತೆ ಗಾರೆ, ಮತ್ತೆ ನಾರು, ಮೇಲೊಂದು ತೆಳು ಸಾರಣೆ. ಅಂಚಿನ ಪಟ್ಟಿಗಳ ಮೇಲೆ ಮಟ್ಟಗೋಲು ಎಳೆದು ಹೆಚ್ಚಿದ್ದನ್ನು ಹೊರಗೆ ತಳ್ಳಿದರು. ನಡುವೆ ಉಳಿದ ಉಬ್ಬುತಗ್ಗಿಗೆ ಬೆರಳಾಡಿಸಿ ಬಿಟ್ಟುಬಿಟ್ಟರು.

‘ಇದನ್ನ ನೈಸ್ ಮಾಡಲ್ವಾ?’ ಎಂದೆ.

‘ಇದು ಬೆನ್ನು ಸಾರ್. ಯಾರು ನೋಡ್ತಾರೆ? ಮುಖ ಗಾಜಿಂದು, ಬೆನ್ನು ನಮ್ದು.’

ಆ ಮಾತಿನ ನಿಜ ನನಗೆ ತಟ್ಟಿದ್ದು ಆಮೇಲೆ. ಗೋಡೆಗೆ ಗಾರೆ ಬಳಿಯುವವನು ತಾನು ಮಾಡುವ ಮುಖವನ್ನು ನೋಡುತ್ತಲೇ ಮಾಡುತ್ತಾನೆ. ಕರಣೆ ಹೋದಲ್ಲಿ ಕಣ್ಣೂ ಹೋಗುತ್ತದೆ. ಶೀಟು ಹೊಯ್ಯುವವನಿಗೆ ಮುಖ ಕಾಣುವುದೇ ಇಲ್ಲ. ಅದು ಗಾಜಿಗೆ ಕವುಚಿಕೊಂಡು, ಗಾಜಿನ ನುಣುಪನ್ನು ತಾನೇ ಪಡೆದುಕೊಳ್ಳುತ್ತಿರುತ್ತದೆ. ಕೈ ಮಾಡುವುದೆಲ್ಲ ಹಿಂಬದಿಯಲ್ಲಿ, ಕೈಯ ಗುರುತು ಉಳಿಯುವುದೂ ಅಲ್ಲೇ.

ಹತ್ತು ನಿಮಿಷಕ್ಕೆ ನೀರಿನ ಹೊಳಪು ಹೋಗಿ ಬೆನ್ನು ಮಂಕಾಯಿತು. ಮೇಸ್ತ್ರಿ ನನ್ನ ಕೈ ಹಿಡಿದು ಅದರ ಮೇಲಿಟ್ಟರು. ಜ್ವರ ಬಂದ ಮಗುವಿನ ಹಣೆ! ಹುರಿಯುವಾಗ ಒಲೆಯಿಂದ ಪಡೆದ ಶಾಖವನ್ನು ಪುಡಿ ಈಗ ಹಿಂದಿರುಗಿಸುತ್ತಿತ್ತು. ತೆಳು ಶೀಟಿನಲ್ಲಿ ಇದು ಹಿತವಾದ ಬಿಸಿ, ದಪ್ಪಗೆ ಹೊಯ್ದರೆ ಅಪಾಯ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಕೈಯ ಅಚ್ಚು ತೆಗೆಯಲು ಬಕೆಟ್ ತುಂಬ ಕಲಸಿದ ಇದೇ ಗಾರೆಗೆ ಕೈ ಇಳಿಸಿದ ವಿದ್ಯಾರ್ಥಿನಿ ಬೆರಳುಗಳನ್ನೇ ಕಳೆದುಕೊಂಡಳು. ಗಟ್ಟಿಯಾದ ಗಾರೆ ಕೈಯನ್ನು ಬಿಡಲಿಲ್ಲ, ಬಿಸಿ ಏರುತ್ತಲೇ ಹೋಯಿತು.

ಜ್ವರ ಏರಿ ಇಳಿಯತೊಡಗಿದಾಗ ಶೀಟು ಎಬ್ಬಿಸಬೇಕು. ಶೆಡ್ಡಿನ ಶೀಟು ಚಿಕ್ಕದು, ಒಬ್ಬರೇ ಎತ್ತಬಹುದು. ಆಸ್ಟ್ರೇಲಿಯಾದಲ್ಲಿ ಕೋಣೆಯ ಉದ್ದಕ್ಕೆ ನಡುವೆ ಜೋಡಣೆಯೇ ಬಾರದಂತೆ ಮೂರು ಅಡಿ ಅಗಲ, ಹನ್ನೆರಡು ಹದಿನಾಲ್ಕು ಅಡಿ ಉದ್ದದ ಶೀಟು ಹೊಯ್ಯುತ್ತಿದ್ದರು. ಅಂಚನ್ನು ಮೊದಲು ಮೆಲ್ಲಗೆ ಮೀಟಿ ಒಳಗೆ ಗಾಳಿ ಬಿಟ್ಟುಕೊಳ್ಳಬೇಕು. ಬಿಡದೆ ಎಳೆದರೆ ಗಾಜು ಹೀರಿ ಹಿಡಿದುಕೊಳ್ಳುತ್ತದೆ. ಗಾಳಿ ಒಳಹೋದ ಮೇಲೆ ಇಬ್ಬರು ಸೇರಿ ಒಂದೇ ಉಸಿರಿಗೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಅಡ್ಡ ಮಲಗಿದ್ದಾಗ ಬಳುಕಿ ಬಿರಿಯುವ ಶೀಟು ಅಂಚಿನ ಮೇಲೆ ನಿಂತರೆ ಬಳುಕುವುದಿಲ್ಲ. ಭಾರದ ಲೆಕ್ಕ ಕೇಳಿ. 100 ಕಿಲೊ ಪುಡಿ ಹರಳುಗಟ್ಟಲು ಬೇಕಾದ ನೀರು ಸುಮಾರು 19 ಲೀಟರ್. ಆದರೆ ಅಷ್ಟರಲ್ಲಿ ಕಲಸಿದರೆ ಹರಿಯುವುದಿಲ್ಲ, ಎರಕಕ್ಕೆ 70 ಲೀಟರಿನಷ್ಟಾದರೂ ಬೇಕು. ಉಳಿದ 50 ಲೀಟರ್ ಸುಮ್ಮನೆ ಒಳಗೆ ಕೂತಿರುತ್ತದೆ. ಹಾಗಾಗಿ ಹಸಿ ಶೀಟು ಒಣ ಶೀಟಿನ ಒಂದೂವರೆ ಪಟ್ಟಿನ ಹತ್ತಿರ ತೂಗುತ್ತದೆ, ಶಕ್ತಿಯಲ್ಲಿ ಅರ್ಧ. ಅತಿ ಭಾರವಾಗಿ, ಅತಿ ದುರ್ಬಲವಾಗಿ ಇರುವ ಹೊತ್ತಿನಲ್ಲೇ ಅದನ್ನು ಹೊತ್ತು ನಡೆಯಬೇಕು. ಈ ಕೆಲಸದ ನಿಜವಾದ ಕಷ್ಟ ಇದು ಎಂದು ನನಗನ್ನಿಸುತ್ತದೆ. ನೀರು ಆರಿದ ಜಾಗವೆಲ್ಲ ಸಣ್ಣ ಸಣ್ಣ ತೂತುಗಳಾಗಿ ಉಳಿಯುತ್ತದೆ. ಒಣಗಿದ ಶೀಟು ಹಗುರವಾಗುವುದು ಅದರಿಂದಲೇ. ಬಿಸಿಲು ಗಾಳಿ ಚೆನ್ನಾಗಿದ್ದರೆ ಕೆಲವೇ ದಿನ, ಮಳೆಗಾಲದಲ್ಲಿ ವಾರಗಟ್ಟಲೆ.

ಈ ವಿದ್ಯೆಗೆ ಕಾಗದದ ಮೇಲೆ ಹಕ್ಕು ಪಡೆದವನು ಲೆನಾರ್ಡ್ ಅಲೆಗ್ಸಾಂಡರ್ ದೆಸಾಷಿ ಎಂಬ ಫ್ರೆಂಚ್ ಶಿಲ್ಪಕಾರ. 1856ರಲ್ಲಿ ಇಂಗ್ಲೆಂಡಿನಲ್ಲಿ ಅವನು ಪಡೆದ ಪೇಟೆಂಟಿನಲ್ಲಿ ಗಾರೆಯ ಜೊತೆ ಕ್ಯಾನ್ವಾಸ್ ಬಟ್ಟೆ, ಮರದ ಪಟ್ಟಿ ಸೇರಿಸಿ ದೊಡ್ಡ ಅಲಂಕಾರಗಳನ್ನು ಹಗುರವಾಗಿ ಎರಕ ಹೊಯ್ಯುವ ಕ್ರಮವಿದೆ. ಬಟ್ಟೆಗೆ ಗಾರೆ ಮೆತ್ತುವುದು ಅವನೇ ಕಂಡುಹಿಡಿದದ್ದೇನಲ್ಲ. ಈಜಿಪ್ಟಿನ ಮಮ್ಮಿಗಳ ಮುಖವಾಡಗಳಲ್ಲೇ ನಾರುಬಟ್ಟೆ, ಗಾರೆ ಎರಡೂ ಇವೆ. ಆದರೆ ಕಾರ್ಖಾನೆಯಲ್ಲಿ ಹೊಯ್ದು, ಗಾಡಿಯಲ್ಲಿ ಸಾಗಿಸಿ, ಕಟ್ಟಡದಲ್ಲಿ ಮೊಳೆ ಹೊಡೆದು ಕೂರಿಸುವ ದಾರಿ ತೆರೆದದ್ದು ಆಗ. ತಿಂಗಳುಗಟ್ಟಲೆ ಅಟ್ಟಣೆ ಕಟ್ಟಿ ತಲೆಯ ಮೇಲೆ ಗಾರೆ ಬಳಿಯುವುದು ತಪ್ಪಿತು. 1893ರಲ್ಲಿ ಷಿಕಾಗೊ ವಿಶ್ವಮೇಳದ ಅಮೃತಶಿಲೆಯಂತೆ ಹೊಳೆಯುತ್ತಿದ್ದ ಅರಮನೆಗಳ ಮೈಯೆಲ್ಲ ಗಾರೆ ಮತ್ತು ಸೆಣಬಿನ ನಾರು. ಮೇಳ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ಅದೇ ವರ್ಷ ಅದೇ ಊರಿನಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ ಕಟ್ಟಡ ಮಾತ್ರ ಕಲ್ಲಿನದು, ಇಂದಿಗೂ ನಿಂತಿದೆ.

ಲಂಡನ್ನಿನ ನಾಟಕಶಾಲೆಗಳಂತೂ ಈ ನಾರುಗಾರೆಯಲ್ಲೇ ಮೈತುಂಬಿಕೊಂಡವು. ಗಂಧರ್ವರು, ಹೂಬಳ್ಳಿ, ಗುಮ್ಮಟ, ಎಲ್ಲವೂ ಬೆನ್ನಿನಲ್ಲಿ ಗೋಣಿಬಟ್ಟೆ ಇರುವ ಎರಕಗಳು. ಅವನ್ನು ಮೇಲಿನ ಮರದ ತೊಲೆಗೆ ಕಟ್ಟುವ ಬಗೆಯೂ ಅದೇ. ಗೋಣಿಬಟ್ಟೆಯ ಪಟ್ಟಿಯನ್ನು ಗಾರೆಯಲ್ಲಿ ಅದ್ದಿ, ತೊಲೆಯ ಮೇಲಿಂದ ಸುತ್ತಿ, ಎರಕದ ಬೆನ್ನಿಗೆ ಮೆತ್ತುವುದು. ಗಟ್ಟಿಯಾದರೆ ಕಬ್ಬಿಣದಂಥ ಹಿಡಿತ. ಮೆಲ್ಬರ್ನ್ ಗೆಳೆಯರ ಅಟ್ಟದಲ್ಲೂ ರೀಪರಿನ ಮೇಲೆ ಇಂಥ ನಾರಿನ ಗುಪ್ಪೆಗಳು ಕೂತಿದ್ದವು.

ಲಂಡನ್ನಿನ ಆ ನಾಟಕಶಾಲೆಗಳಲ್ಲೊಂದಾದ ಅಪೊಲೊ ಥಿಯೇಟರ್ 1901ರಲ್ಲಿ ಬಾಗಿಲು ತೆರೆದದ್ದು. 2013ರ ಡಿಸೆಂಬರ್ 19ರ ರಾತ್ರಿ ಅಲ್ಲಿ ನಾಟಕ ನಡೆಯುತ್ತಿದ್ದಾಗ ಸೀಲಿಂಗಿನ ಒಂದು ಭಾಗ ಪ್ರೇಕ್ಷಕರ ಮೇಲೆ ಕುಸಿಯಿತು. ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಗಾಯ. ತನಿಖೆಯಲ್ಲಿ ಕಂಡುಬಂದದ್ದು: ತೊಲೆಗೆ ಕಟ್ಟಿದ್ದ ಆ ಗೋಣಿಪಟ್ಟಿಗಳು ಕಾಲಕ್ರಮದಲ್ಲಿ ಸವೆದು ಶಕ್ತಿ ಕಳೆದುಕೊಂಡಿದ್ದವು. ನಾರು ಗಿಡದ್ದು, ಒಣಗಿದ್ದರೆ ಬಹುಕಾಲ ಬಾಳುತ್ತದೆ, ತೇವ ಕುಡಿದರೆ ಕೊಳೆಯುತ್ತದೆ. ಕೆಳಗೆ ಕೂತವರಿಗೆ ನೂರು ವರ್ಷವೂ ಕಂಡದ್ದು ಚೊಕ್ಕ ಮುಖ. ಆ ಬಳಿಕ ಅಲ್ಲಿನ ಹಳೆಯ ನಾಟಕಶಾಲೆಗಳಲ್ಲಿ ಸೀಲಿಂಗನ್ನು ಮೇಲಿನಿಂದ, ಅಟ್ಟದ ಕಡೆಯಿಂದ ತಪಾಸಣೆ ಮಾಡುವುದಕ್ಕೆ ಹೆಚ್ಚಿನ ಬೆಲೆ ಬಂತು.

ಕೈ ಶೀಟಿನ ಕಾಲ ಮುಗಿಸಿದ್ದು ಕಾಗದ. ಕಾಗದದ ಪದರಗಳ ನಡುವೆ ಗಾರೆ ತುಂಬಿದ ಹಲಗೆಗೆ ಅಮೆರಿಕದ ಅಗಸ್ಟಿನ್ ಸ್ಯಾಕೆಟ್ 1894ರಲ್ಲೇ ಪೇಟೆಂಟ್ ಪಡೆದಿದ್ದ. ಯಂತ್ರದಿಂದ ನಿಲ್ಲದೆ ಹೊರಬರುವ ಅದಕ್ಕೆ ನಾರು ಬಿಡಿಸುವವರೂ ಬೇಡ, ಬಿಸಿ ನೋಡುವ ಅಂಗೈಯೂ ಬೇಡ. ಎರಡನೇ ಮಹಾಯುದ್ಧದ ಬಳಿಕ ಆಸ್ಟ್ರೇಲಿಯಾದಲ್ಲೂ ಅದೇ ಗೆದ್ದಿತು. ಕೈಯಿಂದ ಹೊಯ್ಯುವ ಕಾರ್ಖಾನೆಗಳಲ್ಲಿ ಉಳಿದವು ಈಗ ಹೆಚ್ಚಾಗಿ ಅಂಚುಪಟ್ಟಿ, ಅಲಂಕಾರದ ಕೆಲಸಕ್ಕೆ ನೆಚ್ಚಿಕೊಂಡಿವೆ.

ವಿಚಿತ್ರವೆಂದರೆ ಅದೇ ಆಸ್ಟ್ರೇಲಿಯಾದಿಂದ 1990ರ ಹೊತ್ತಿಗೆ ನಾರುಗಾರೆ ದೈತ್ಯರೂಪ ತಾಳಿ ಹೊರಬಂತು. ಕತ್ತಾಳೆಯ ಜಾಗದಲ್ಲಿ ಗಾಜಿನ ನಾರು, ಸೀಲಿಂಗಿನ ಜಾಗದಲ್ಲಿ ಇಡೀ ಗೋಡೆ. 12 ಮೀಟರ್ ಉದ್ದ, 3 ಮೀಟರ್ ಎತ್ತರ, 124 ಮಿಲಿಮೀಟರ್ ದಪ್ಪದ ಟೊಳ್ಳು ಫಲಕ, ಟೊಳ್ಳಿನೊಳಗೆ ಬೇಕಾದಲ್ಲಿ ಕಾಂಕ್ರೀಟ್ ತುಂಬುತ್ತಾರೆ. ಮದ್ರಾಸ್ ಐಐಟಿಯವರು ಇದರ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆಸಿ, 2013ರಲ್ಲಿ ತಮ್ಮ ಆವರಣದಲ್ಲೇ ಎರಡಂತಸ್ತಿನ ಮಾದರಿ ಮನೆ ಕಟ್ಟಿ ತೋರಿಸಿದರು. ಕೊಚ್ಚಿಯ ಬಳಿ ಅಂಬಲಮೇಡುವಿನಲ್ಲಿ ಇಂಥ ಫಲಕದ ಕಾರ್ಖಾನೆ ಎದ್ದದ್ದಕ್ಕೆ ಕಾರಣ ಪಕ್ಕದ ಗೊಬ್ಬರದ ಕಾರ್ಖಾನೆ. ರಂಜಕದ ಆಮ್ಲ ತಯಾರಿಸುವಾಗ ಒಂದು ಟನ್ನಿಗೆ ಸುಮಾರು 5 ಟನ್ ಜಿಪ್ಸಂ ಕಸವಾಗಿ ಉಳಿಯುತ್ತದೆ. ಬೆಟ್ಟದಂತೆ ಬಿದ್ದ ಆ ಕಸವನ್ನೇ ಹುರಿದು ಗೋಡೆ ಮಾಡುವ ಯೋಚನೆ. ಗಾರೆಗೆ ಗಣಿ ತೋಡಬೇಕಿಲ್ಲ ಎಂಬುದು ನನಗೆ ಹಿಡಿಸಿದ ಸಂಗತಿ. ಯಂತ್ರಗಳು ಎಷ್ಟು ಬಂದರೂ ಅಲ್ಲಿಯೂ ಎರಕ ಮಲಗುವುದು ಮೇಜಿನ ಮೇಲೆಯೇ, ಗಾರೆಯ ಗಡಿಯಾರಕ್ಕೆ ತಲೆಬಾಗಿಯೇ.

ಶೆಡ್ಡಿಗೆ ಮರಳೋಣ. ಎಬ್ಬಿಸಿದ ಶೀಟುಗಳನ್ನು ಅಲ್ಲಿ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತಾರೆ. ಮುಖದ ಮೇಲೆ ಗೀರು ಬೀಳಬಾರದಲ್ಲ. ಹೊರಡುವ ಹೊತ್ತಿಗೆ ಮೇಸ್ತ್ರಿ ಮೂಲೆಯಿಂದ ಒಂದು ಶೀಟು ಎಳೆದರು. ಮುಖದ ತುಂಬ ಎಣ್ಣೆಯ ತೂತು, ಗಿರಾಕಿ ಬೇಡವೆಂದು ಬಿಟ್ಟುಹೋದದ್ದು. ‘ನೋಡಿ ಸಾರ್’ ಎಂದು ಮಂಡಿಗೆ ಕೊಟ್ಟು ಒತ್ತಿದರು. ಟಪ್ಪೆಂದು ಬಿರಿಯಿತು, ಬಿಳಿ ಧೂಳು ಉದುರಿತು. ಆದರೆ ಎರಡು ತುಂಡಾಗಲಿಲ್ಲ. ಕೆಳಗಿನರ್ಧ ಮೇಲಿನರ್ಧಕ್ಕೆ ತೆಂಗಿನ ನಾರಿನಲ್ಲಿ ಜೋತುಕೊಂಡು ತೂಗುತ್ತಿತ್ತು. ಜಗ್ಗಿದರು, ತಿರುಚಿದರು, ಕಾಲಲ್ಲಿ ಮೆಟ್ಟಿ ಎಳೆದರು. ಬಿಡಲಿಲ್ಲ. ಕೊನೆಗೆ ನಗುತ್ತ ಹುಡುಗನನ್ನು ಕೂಗಿದರು. ಅವನು ಕತ್ತರಿ ತಂದು ಒಂದೊಂದೇ ಎಳೆ ಕತ್ತರಿಸತೊಡಗಿದ.